ಇಂಡಿ ಬಸ್ಸಿನಲ್ಲಿ ಜಗಲಿಯ ಗಂಟೆ

ಇಂಡಿಗೆ ಹೊರಟ ಬಸ್ಸು ಸಿಂದಗಿ ದಾಟಿ ಮೊದಲ ತಗ್ಗಿಗೆ ಇಳಿದದ್ದೇ ತಡ, ನನ್ನ ಬ್ಯಾಗಿನೊಳಗೆ ಪೂಜೆ ಶುರುವಾಯಿತು. ಠಣ್. ಎರಡನೆಯ ತಗ್ಗಿಗೆ ಠಣ್ ಠಣ್. ಮುಂದಿನ ಸೀಟಿನವರು ಹಿಂತಿರುಗಿ ನೋಡಿದರು. ಅವರಲ್ಲೊಬ್ಬರ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ಪಕ್ಕದಲ್ಲಿ ಕೊತ್ತಂಬರಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹಿರಿಯ ಹೆಂಗಸು ಮಾತ್ರ ನೇರ ಕೇಳಿಯೇಬಿಟ್ಟಳು.

"ಪೂಜಾರಿಕಿ ಮನಿತನೇನ ತಂಗಿ?"

"ಅಲ್ರಿ. ವಕೀಲಿ ಮಾಡ್ತೇನ್ರಿ."

"ಹಂಗಾರ ಗಂಟಿ ಯಾಕ?"

"ಮಾತಾಡೋರ ಬಾಯಿ ಮುಚ್ಚಸಾಕ್ರಿ."

ಆಕೆ ಒಮ್ಮೆ ನನ್ನ ಮುಖ, ಒಮ್ಮೆ ಬ್ಯಾಗು ನೋಡಿ, ಕೊತ್ತಂಬರಿ ಚೀಲವನ್ನು ಕಿಟಕಿಯ ಕಡೆ ಸರಿಸಿಕೊಂಡಳು.

ನಾನು ಹೇಳಿದ್ದು ಸುಳ್ಳಲ್ಲ. ಆ ದಿನ ಇಂಡಿಯ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆ. ವಿಷಯ: 'ದೇವರಿದ್ದಾನೆಂದು ತರ್ಕದಿಂದ ಸಾಧಿಸಬಹುದು.' ಅರ್ಧ ಮಕ್ಕಳು ಪರ, ಅರ್ಧ ಮಕ್ಕಳು ವಿರೋಧ, ನಾನು ಮೂವರು ನಿರ್ಣಾಯಕರಲ್ಲಿ ಒಬ್ಬಳು. ಐದು ನಿಮಿಷದ ಭಾಷಣದಲ್ಲಿ ನಾಲ್ಕು ನಿಮಿಷವಾದ ಮೇಲೆ ಒಂದು ಸಲ ಗಂಟೆ, ಎಚ್ಚರಿಕೆ. ಐದಾದ ಮೇಲೆ ಎರಡು ಸಲ, ಬಾಯಿ ಮುಚ್ಚಬೇಕು. ಅವರ ಕಾಲೇಜಿನ ಗಂಟೆಯ ನಾಲಗೆ ಬಿದ್ದುಹೋಗಿದೆ ಎಂದು ಹಿಂದಿನ ದಿನ ಫೋನು ಬಂದಿತ್ತು. "ಅದಕ್ಕೇನ್ರಿ, ನಮ್ಮನ್ಯಾಗ ಐತಿ, ತರ್ತೇನಿ" ಎಂದು ದೊಡ್ಡಸ್ತಿಕೆಯಿಂದ ಹೇಳಿದ್ದೆ. ಬೆಳಿಗ್ಗೆ ಎಂಟರ ಬಸ್ಸಿನ ಗಡಿಬಿಡಿಯಲ್ಲಿ ಜಗಲಿಯ ಮೇಲಿನ ಗಂಟೆಯನ್ನು ಬ್ಯಾಗಿಗೆ ಸೇರಿಸಿ ಓಡಿದ್ದೆ.

ಮೂರನೆಯ ತಗ್ಗಿಗೆ ನೆನಪಾಯಿತು. ಗಂಟೆ ತಂದಿದ್ದೇನೆ, ಸರಿ. ಬಾರಿಸದೆ ತಂದಿದ್ದೇನೆ. ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಈ ಗಂಟೆ ಕೇಳುವ ತನಕ ತುತ್ತು ಬಾಯಿಗಿಡುವುದಿಲ್ಲ. ಸಕ್ಕರೆ ಕಾಯಿಲೆಯ ಎಪ್ಪತ್ತೆಂಟರ ಜೀವ. ಏಳಕ್ಕೆ ಗುಳಿಗೆ ನುಂಗಿರುತ್ತಾಳೆ, ಒಂಬತ್ತಕ್ಕೆ ಉಣ್ಣಲೇಬೇಕು. ಎರಡು ವರ್ಷದ ಹಿಂದೆ ಹೀಗೇ ಉಣ್ಣದೆ ಕೂತು, ಬಚ್ಚಲ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದಿದ್ದಳು. ಗುಳಿಗೆ ನುಂಗಿ ಉಪವಾಸ ಕೂತರೆ ಜೀವಕ್ಕೆ ಕುತ್ತು ಎಂದು ಡಾಕ್ಟರು ಬೆರಳು ಎತ್ತಿ ಹೇಳಿದ್ದರು.

ಅವ್ವನಿಗೆ ಫೋನು ಹಚ್ಚಿದೆ.

"ಕುಂತಾಳವಾ, ಜಗಲಿ ಮುಂದ ಗ್ವಾಡಿಗಿ ಬೆನ್ನ ಹಚ್ಚಿ," ಎಂದಳು ಅವ್ವ. "ಗುಳಿಗಿ ನುಂಗ್ಯಾಳ. ರೊಟ್ಟಿ ಮುಟ್ಟವಲ್ಲಳು. ನಿಮ್ಮಪ್ಪ ತಾಟಿಗಿ ಚಮಚಾ ಬಡದ ತೋರಿಸಿದ್ರು, 'ನೀ ಬ್ಯಾಡ, ನೀಲವ್ವ ಬರ್ಲಿ' ಅಂದ್ಲು."

"ನಾ ಬರೂದು ಸಂಜಿಗಿ!"

"ಸಂಜಿಗಿ ಉಣ್ತಾಳಂತ."

ಬಸ್ಸಿನಿಂದ ಇಳಿದು ಹಿಂದಕ್ಕೆ ಹೋಗಲೇ? ಎದುರಿನ ಬಸ್ಸು ಯಾವಾಗ ಬರುತ್ತದೋ. ಅಲ್ಲಿ ನಲವತ್ತು ಮಕ್ಕಳು ಎರಡು ವಾರ ಬಾಯಿಪಾಠ ಮಾಡಿಕೊಂಡು ಕಾಯುತ್ತಿದ್ದಾರೆ. ಏಳುವುದು, ಕೂರುವುದು, ಮತ್ತೆ ಏಳುವುದು. ಕೊತ್ತಂಬರಿಯವಳಿಗೆ ನನ್ನ ಬಗ್ಗೆ ಇದ್ದ ಸಂಶಯ ಈಗ ಖಾತ್ರಿಯಾದಂತಿತ್ತು.

ದೇವರನ್ನು ನಂಬದ ನಾನು ಬಾರಿಸುವ ಗಂಟೆಗೆ ದೇವರನ್ನು ನಂಬುವ ಮುದುಕಿ ಯಾಕೆ ಕಾಯುತ್ತಾಳೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಹೇಗೂ ಬಸ್ಸು ನಿಧಾನವಾಗಿಯೇ ಹೋಗುತ್ತಿದೆ.

ಅಂಗೈಯಲ್ಲಿ ಹಿಡಿಯುವಂಥ ಹಿತ್ತಾಳೆಯ ಗಂಟೆ ಅದು. ಹಿಡಿಕೆಯ ತುದಿಯಲ್ಲಿ ಕೈಮುಗಿದು ನಿಂತ ಪುಟ್ಟ ಹಣಮಪ್ಪ. ವರ್ಷಾನುಗಟ್ಟಲೆ ಹೆಬ್ಬೆರಳಿನ ಉಜ್ಜಿಗೆ ಸಿಕ್ಕು ಅವನ ಮೂಗು ಸವೆದುಹೋಗಿದೆ. ಅಡುಗೆಮನೆಯ ಮೂಲೆಯಲ್ಲಿ ದೇವರನ್ನು ಕೂರಿಸುವ ಕಟ್ಟೆಗೆ ನಮ್ಮ ಕಡೆ ಜಗಲಿ ಅನ್ನುತ್ತಾರೆ. ನಮ್ಮ ಜಗಲಿಯ ಯಜಮಾನನೂ ಹಣಮಪ್ಪನೇ. ಗೇಣುದ್ದದವನು, ಗುಡ್ಡ ಹೊತ್ತವನು.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಚರ್ಚಾಸ್ಪರ್ಧೆ ಅವರ ಹುಚ್ಚು. ಶಾಲೆಯ ದೊಡ್ಡ ಗಂಟೆಯನ್ನು ಒಳಗೆ ಬಾರಿಸಿದರೆ ಮಕ್ಕಳು ಮನೆಗೆ ಓಡುತ್ತಾರೆ. ಹಾಗಾಗಿ ಸ್ಪರ್ಧೆಯ ದಿನ ಅಪ್ಪ ಆಯಿಯ ಗಂಟೆಯನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದರು. ಆ ದಿನ ಆಯಿ ತಾಟಿಗೆ ಚಮಚ ಬಡಿದು ಪೂಜೆ ಮುಗಿಸುತ್ತಿದ್ದಳು. "ಗಂಟಿಗಿ ಇವತ್ತ ಸಾಲಿ ಐತಿ, ಚಮಚಾದಾಗ ಹೊಂದಿಸ್ಕೊ" ಎಂದು ಹಣಮಪ್ಪನಿಗೆ ಹೇಳುತ್ತಿದ್ದಳು. ಅವನ ಜೊತೆ ಅವಳದು ಯಾವಾಗಲೂ ಬಾಯಿಬಿಟ್ಟ ಮಾತು. ಮಂತ್ರ ಗಿಂತ್ರ ಇಲ್ಲ. ಎಣ್ಣೆ ಮುಗಿದದ್ದು, ಎಮ್ಮೆ ಒದ್ದದ್ದು, ಮೊಮ್ಮಗಳಿಗೆ ಹಲ್ಲು ಬಂದದ್ದು, ಎಲ್ಲ ವರದಿಯೂ ಅವನಿಗೇ ಮೊದಲು.

ನನ್ನ ವಾದದ ಪಾಠ ಶುರುವಾದದ್ದು ಮಾತ್ರ ಅಪ್ಪನ ಹತ್ತಿರ ಅಲ್ಲ. ಅದಕ್ಕೆ ಆಲಮೇಲದ ಬಸ್‌ಸ್ಟ್ಯಾಂಡು ಕಾರಣ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅಜ್ಜ ಮತ್ತು ಆಯಿ ಆಲಮೇಲಕ್ಕೆ ಲಗ್ನಕ್ಕೆ ಹೋಗಿದ್ದರು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತೇವೆ. ಊಟ ಮುಗಿಸಿ ತಿರುಗಿ ಬರುವಾಗ ಮುತ್ಯಾ ಬಸ್ಸು ಹತ್ತಿ ಕೂತ. ಆಯಿ ಬಾಟಲಿಗೆ ನೀರು ತುಂಬಲು ನಲ್ಲಿಗೆ ಹೋದಳು. ಮುತ್ಯಾನಿಗೆ ಪಕ್ಕದ ಸೀಟಿನಲ್ಲಿ ಕಬ್ಬಿನ ತಳಿಯ ಬಗ್ಗೆ ವಾದ ಮಾಡುವವನೊಬ್ಬ ಸಿಕ್ಕ. ಬಸ್ಸು ಹೊರಟಿತು. ಸಿಂದಗಿಗೆ ಬಂದು, ಮನೆಗೆ ನಡೆದು, ಚಪ್ಪಲಿ ಬಿಟ್ಟು, "ನೀರ ಕೊಡು" ಅಂದಾಗಲೇ ಮುತ್ಯಾನಿಗೆ ನೀರು ಕೊಡುವವಳು ಆಲಮೇಲದಲ್ಲಿ ಉಳಿದದ್ದು ನೆನಪಾದದ್ದು.

ಆಯಿ ಮುಂದಿನ ಬಸ್ಸಿಗೆ ಬಂದಳು. ತುಂಬಿದ ಬಾಟಲಿಯನ್ನು ಮುತ್ಯಾನ ಮುಂದೆ ಇಟ್ಟಳು. ನನ್ನನ್ನು ಕರೆದು ಹೇಳಿದಳು: "ನಿಮ್ಮ ಮುತ್ಯಾಗ ಹೇಳು, ನೀರ ತಂದೇನಂತ."

ಮುತ್ಯಾ ಎರಡು ಮೊಳ ದೂರದಲ್ಲಿ ಕೂತಿದ್ದ. "ನಿಮ್ಮ ಆಯಿಗಿ ಕೇಳು, ಬಸ್ ಬಿಟ್ಟಾಗ ಒದರಾಕ ಏನಾಗಿತ್ತು?"

"ಏನಂತ ಒದರ್ಲಿ ಅಂತ ಕೇಳು. ಗಂಡನ ಹೆಸರ ಹಿಡದ ಒದರ್ಲೇನು? 'ಏನ್ರೀ' ಅಂದ್ರ ಬಸ್ನ್ಯಾಗಿನ ಗಂಡಸರೆಲ್ಲಾ ಹೊಳ್ಳಿ ನೋಡ್ತಿದ್ರು, ಇವರೊಬ್ಬರನ್ನ ಬಿಟ್ಟು!"

ಅಲ್ಲಿಗೆ ಮಾತು ನಿಂತಿತು. ಒಂದೇ ಮನೆ, ಒಂದೇ ಒಲೆ, ಎದುರು ಬದುರು ಹಾಸಿಗೆ; ಹದಿನಾರು ವರ್ಷ ಇಬ್ಬರ ಮಾತೂ ನನ್ನ ಬಾಯಿಂದಲೇ. ಒಂದು ಕಡೆಯ ವಾದವನ್ನು ಪೂರ್ತಿ ಮನಸ್ಸಿನಿಂದ ಹೇಳಿ, ತಿರುಗಿ ನಿಂತು ಇನ್ನೊಂದು ಕಡೆಯದನ್ನೂ ಅಷ್ಟೇ ಮನಸ್ಸಿನಿಂದ ಹೇಳುವ ವಿದ್ಯೆ ನನಗೆ ಹಾಗೆ ಬಂತು. ನಾನು ವಿಜಯಪುರದಲ್ಲಿ ಕಾನೂನು ಓದುವಾಗ ಶನಿವಾರ ಊರಿಗೆ ಬಂದರೆ ವಾರದ ಮಾತೆಲ್ಲ ನನಗಾಗಿ ಕೂಡಿಬಿದ್ದಿರುತ್ತಿತ್ತು.

ಆದರೆ ನಾನು ಪ್ರಾಮಾಣಿಕ ದೂತೆಯಾಗಿರಲಿಲ್ಲ. ಮುತ್ಯಾ "ಸಾರ ಉಪ್ಪಾಗೇತಿ ಅಂತ ಹೇಳು" ಅಂದರೆ, ನಾನು "ಸಾರ ಚಲೋ ಆಗೇತಂತ, ಉಪ್ಪ ಒಂದೀಟ ಕಡಿಮಿ ಇದ್ರ ಇನ್ನೂ ಚಲೋ ಅಂತ" ಅನ್ನುತ್ತಿದ್ದೆ. ಆಯಿ ಕಣ್ಣು ಕಿರಿದು ಮಾಡುತ್ತಿದ್ದಳು. "ಚಲೋ ಅನ್ನೂ ಮಾತ ಆ ಬಾಯಾಗ ಬರೂದಿಲ್ಲ. ಕೂಡಿಸಬ್ಯಾಡ. ಅಂದದ್ದಷ್ಟ ತಾ." ಕೂಡಿಸದೆ ತರುತ್ತಿದ್ದ ಮಾತು ಒಂದೇ. ನಾನು ಮನೆಯಲ್ಲಿದ್ದ ದಿನವೆಲ್ಲ ಮಧ್ಯಾಹ್ನ ಮುತ್ಯಾ ಉಂಡು ಕೈತೊಳೆದು ಕೇಳುತ್ತಿದ್ದದ್ದು: "ನಿಮ್ಮ ಆಯಿಗಿ ಕೇಳು, ಉಂಡಾಳೇನಂತ." ಆಯಿ, ಉಂಡಿರಲಿ ಬಿಡಲಿ, "ಉಂಡಾಳಂತ ಹೇಳು" ಅನ್ನುತ್ತಿದ್ದಳು.

ಈ ನಡುವೆಯೇ ನಾನು ದೇವರ ವಿಚಾರಕ್ಕೆ ಕೈಹಾಕಿದ್ದು. ಹತ್ತನೆಯ ಇಯತ್ತೆಯಲ್ಲಿ ಮುದ್ದೇಬಿಹಾಳದ ಸ್ಪರ್ಧೆಯಲ್ಲಿ ನನಗೆ ಬಂದ ಚೀಟಿ 'ವಿರೋಧ'. ದೇವರು ಎಲ್ಲ ಬಲ್ಲವನು, ಎಲ್ಲ ಮಾಡಬಲ್ಲವನು, ಎಲ್ಲರನ್ನೂ ಪ್ರೀತಿಸುವವನು ಅನ್ನುತ್ತೀರಿ. ಹಾಗಾದರೆ ಕೂಸಿಗೆ ಜ್ವರ ಯಾಕೆ? ಗೊತ್ತಿಲ್ಲವೋ, ಆಗುವುದಿಲ್ಲವೋ, ಮನಸ್ಸಿಲ್ಲವೋ? ಮೂರರಲ್ಲಿ ಒಂದನ್ನು ಬಿಡಿ, ಇಲ್ಲವೇ ಅವನನ್ನೇ ಬಿಡಿ! ಕೈ ಬೀಸಿದ ರಭಸಕ್ಕೆ ಮೈಕು ಅಲುಗಾಡಿತು. ಮೊದಲ ಬಹುಮಾನ. ಮರುತಿಂಗಳು ಬಸವನ ಬಾಗೇವಾಡಿಯಲ್ಲಿ ಚೀಟಿ 'ಪರ'. ಪ್ರತಿಯೊಂದಕ್ಕೂ ಕಾರಣ ಇದೆಯೆಂದರೆ ಮೊದಲ ಕಾರಣ ಯಾರು? ಅದೇ ಕೈ, ಅದೇ ಮೈಕು, ಅದೇ ಬಹುಮಾನ. ಬಹುಮಾನದ ಎರಡೂ ಡಾಲುಗಳನ್ನು ಅಕ್ಕಪಕ್ಕ ಇಟ್ಟಾಗ ಮುತ್ಯಾ ಅಂದ:

"ನಿಮ್ಮ ಆಯಿಗಿ ಹೇಳು, ಮೊಮ್ಮಗಳು ದೇವರ್ನ ಮುದ್ದೇಬಿಹಾಳದಾಗ ಇಳಿಸಿ ಬಂದಾಳಂತ."

ಆಯಿ ಹಿಟ್ಟು ನಾದುತ್ತ ಅಂದಳು: "ಹೇಳು ನಿಮ್ಮ ಮುತ್ಯಾಗ, ಬಾಗೇವಾಡಿಗಿ ಹೋಗಿ ಹೊಳ್ಳಿ ಕರಕೊಂಡ ಬಂದಾಳಂತ. ಮರತ ಬಿಟ್ಟ ಬಂದಿಲ್ಲಂತ."

ಮುತ್ಯಾ ನಕ್ಕದ್ದನ್ನು ನಾನು ಕಂಡೆ. ಆಯಿಗೆ ಹೇಳಲಿಲ್ಲ. ನಗು ಮಾತಲ್ಲವಲ್ಲ, ಯಾರೂ ಒಯ್ಯಲು ಹೇಳಿರಲಿಲ್ಲ.

ಚೀಟಿ ಯಾವುದೇ ಬರಲಿ, ಒಳಗೆ ನಾನು ನಿಂತದ್ದು ವಿರೋಧದ ಬದಿಯಲ್ಲಿಯೇ. ಈಗಲೂ ಅಲ್ಲೇ ಇದ್ದೇನೆ. ಇದೆ ಅನ್ನುವವನು ತೋರಿಸಬೇಕು. ಇಲ್ಲ ಅನ್ನುವವಳು ಯಾಕೆ ತೋರಿಸಬೇಕು? ನಮ್ಮ ಅಟ್ಟದ ಮೇಲೆ ಕಣ್ಣಿಗೆ ಕಾಣದ, ಮಿಯಾಂವ್ ಅನ್ನದ, ಹಾಲು ಕುಡಿಯದ ಬೆಕ್ಕಿದೆ ಎಂದು ನಾನು ಹೇಳಿದರೆ ನೀವು ಏಣಿ ತರಲು ಹೋಗುತ್ತೀರಾ? ಹೀಗೆಲ್ಲ ಮನೆಯಲ್ಲಿ ಅಭ್ಯಾಸ ಮಾಡುವಾಗ ಆಯಿ ಜಗಲಿಯ ಮುಂದೆ ಬತ್ತಿ ಹೊಸೆಯುತ್ತ ಕೇಳುತ್ತಿದ್ದಳು. ಮುಗಿದ ಮೇಲೆ ಹಣಮಪ್ಪನ ಕಡೆ ತಿರುಗಿ, "ಸಣ್ಣಾಕಿ ಅದಾಳ, ಮನಸಿಗಿ ಹಚ್ಕೋಬ್ಯಾಡ" ಅನ್ನುತ್ತಿದ್ದಳು.

ಆಗ ನನಗೆ ಗೊತ್ತಿರದ ಸಂಗತಿ ಒಂದಿತ್ತು. ಆ ಹದಿನಾರು ವರ್ಷವೂ ಆಯಿ ದಿನಾ ಗಂಟೆ ಬಾರಿಸಿ ಹಣಮಪ್ಪನಲ್ಲಿ ಬೇಡುತ್ತಿದ್ದದ್ದು ಒಂದನ್ನೇ: ಮುತ್ಯಾ ಮೊದಲು ಮಾತಾಡಲಿ. ಒಂದೇ ಮಾತು. ನೇರ ತನಗೆ.

ಎರಡು ವರ್ಷದ ಹಿಂದೆ ಮುತ್ಯಾ ಹೋದ. ಮಧ್ಯಾಹ್ನದ ಹೊತ್ತು, ಆಸ್ಪತ್ರೆಯ ಮಂಚ, ಪಕ್ಕದಲ್ಲಿ ನಾನೊಬ್ಬಳೇ. ಆಯಿ ಮನೆಯಿಂದ ಬುತ್ತಿ ಹಿಡಿದು ದಾರಿಯಲ್ಲಿದ್ದಳು. ಮುತ್ಯಾ ಕಣ್ಣು ತೆರೆದು, "ನೀಲವ್ವಾ, ನಿಮ್ಮ ಆಯಿಗಿ..." ಅಂದ. ನಾನು ಬಾಗಿದೆ. ಅಷ್ಟೇ. ಮುಂದಿನ ಮಾತು ಬರಲಿಲ್ಲ.

ಆಯಿ ಬಂದಳು. ಬುತ್ತಿ ಕೆಳಗಿಟ್ಟಳು. ಅಳಲಿಲ್ಲ. ಮುತ್ಯಾನ ಹೊದಿಕೆ ಸರಿಪಡಿಸಿ ಕೇಳಿದಳು: "ಏನರ ಅಂದ್ರೇನ?"

"'ನಿಮ್ಮ ಆಯಿಗಿ' ಅಂದ."

"ಮುಂದ?"

ಜೀವನವಿಡೀ ಕೂಡಿಸಿ ಹೇಳಿದವಳು ನಾನು. ಉಪ್ಪಿನ ಸಾರಿಗೆ ಚಲೋ ಸೇರಿಸಿದವಳು. ಆದರೆ ಆಗ ಕಾನೂನು ಓದಿ ಹೊಸದಾಗಿ ಕರಿ ಕೋಟು ಹಾಕಿದ್ದೆ. ಕಂಡದ್ದು, ಕೇಳಿದ್ದು ಅಷ್ಟೇ ಸಾಕ್ಷಿ. "ಮುಂದ ಏನೂ ಅನ್ಲಿಲ್ಲ ಆಯಿ," ಎಂದೆ.

ಅದು ಸತ್ಯ. ಆದರೂ ಇದನ್ನು ಬರೆಯುವಾಗ ಇವತ್ತಿಗೂ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗುವುದಿಲ್ಲ.

ತಿಥಿಯ ದಿನಗಳೆಲ್ಲ ಮುಗಿದು ಮನೆ ಮೊದಲಿನಂತಾದ ಮೇಲೆ ಒಂದು ಬೆಳಿಗ್ಗೆ ಆಯಿ ಗಂಟೆಯನ್ನು ಸೆರಗಿನಿಂದ ಒರೆಸಿ ನನ್ನ ಮೇಜಿನ ಮೇಲೆ ಇಟ್ಟಳು. "ಇದು ನಿನಗ ಇರ್ಲಿ. ಸ್ಪರ್ಧಾಕ್ಕ ಬೇಕಾಗತೈತಿ." ಅವತ್ತಿನಿಂದ ಪೂಜೆ ಇಲ್ಲ. ಪೂಜೆ ಆಗದೆ ಉಣ್ಣದ ಅಭ್ಯಾಸ ಮದುವೆಯಾದಂದಿನಿಂದ ಬಂದದ್ದು. ಅದು ಮಾತ್ರ ಬಿಡಲಿಲ್ಲ. ಚಹಾ ಕುಡಿಯುತ್ತಿದ್ದಳು, ಗುಳಿಗೆ ನುಂಗುತ್ತಿದ್ದಳು, ರೊಟ್ಟಿ ಅಂದರೆ ಮುಖ ತಿರುಗಿಸುತ್ತಿದ್ದಳು. ಮೂರನೆಯ ದಿನಕ್ಕೇ ಬಚ್ಚಲ ಬಾಗಿಲಲ್ಲಿ ಕುಸಿದದ್ದು.

ನಾನು ತಿಳಿದದ್ದು, ನನ್ನ ವಾದ ಗೆದ್ದಿತು ಎಂದು. ಎಂಥ ಗೆಲುವು! ಹತ್ತು ವರ್ಷ ಕೂಗಿದ್ದನ್ನು ಒಬ್ಬಳಾದರೂ ಮನಸ್ಸಿಗೆ ತಂದುಕೊಂಡಳು, ಅವಳು ನನ್ನ ಆಯಿ, ಮತ್ತು ಅವಳು ನೆಲಕ್ಕೆ ಬಿದ್ದಿದ್ದಾಳೆ. ಸರಿ, ಗೆದ್ದ ಬದಿಯಿಂದಲೇ ಉಣ್ಣಿಸೋಣ ಎಂದು ಪಕ್ಕದಲ್ಲಿ ಕೂತೆ.

"ಆಯಿ, ದೇವರ ಇಲ್ಲಂದ ಮ್ಯಾಲ ಯಾರ ಸಲುವಾಗಿ ಉಪಾಸ? ಉಣ್ಣು."

"ಇಲ್ಲಂತ ನಾ ಯಾವಾಗ ಅಂದೆ?"

ಬದಿ ಬದಲಿಸಿದೆ. ಬದಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. "ಹಂಗಾರ ಅದಾನ. ಈ ರೊಟ್ಟಿ ನೋಡಿದ್ರ ಬಡದಾಕಿ ಒಬ್ಬಾಕಿ ಅದಾಳಂತ ತಿಳೀತೈತಿಲ್ಲ? ಹಂಗ ಈ ಲೋಕ ನೋಡಿದ್ರ..."

"ರೊಟ್ಟಿ ಹೊತ್ತಿದ್ರ ಬಡದಾಕಿನ್ನ ಕೇಳ್ತಾರ. ಲೋಕ ಹೊತ್ತಿದ್ರ?"

"ಹೋಗ್ಲಿ, ನಂಬಿದ್ರ ಏನ ಕಳ್ಕೋತಿ? ಅವ ಇದ್ರ ಪುಣ್ಯ, ಇಲ್ದಿದ್ರ ಲುಕ್ಸಾನಿಲ್ಲ."

"ಇದೇನ ಸಂತಿ ಬದನಿಕಾಯಿ ಅಂತ ತಿಳದಿಯೇನ, ಚೌಕಾಸಿ ಮಾಡಾಕ?"

"ಆಯಿ! ಅವ ಇಲ್ಲಂದ್ರೂ ಉಣ್ಣಬೇಕು, ಅದಾನಂದ್ರೂ ಪೂಜಿ ಮಾಡಿ ಉಣ್ಣಬೇಕು. ಎರಡೂ ಕಡಿಯಿಂದ ಉಣ್ಣೂದ ಬರತೈತಿ!"

ಯಾವ ಸ್ಪರ್ಧೆಯಲ್ಲಾದರೂ ಇದಕ್ಕೆ ಚಪ್ಪಾಳೆ ಬೀಳುತ್ತಿತ್ತು. ಆಯಿ ನನ್ನನ್ನೇ ನೋಡಿದಳು. ಆಮೇಲೆ ಜಗಲಿಯ ಕಡೆ ಕಣ್ಣೂ ಹಾಯಿಸದೆ, ಬೆರಳು ಮಡಚುತ್ತ ಹೇಳಿದಳು.

"ಅವಗ ಕಿವಿ ಅದಾವ. ದಿನಾ ಗಂಟಿ ಬಾರಿಸಿ ಹೇಳೇನಿ. ತಾಕತ್ತ ಐತಿ. ಗುಡ್ಡ ಹೊತ್ತಾನ, ಒಂದ ಮಾತ ಎತ್ತಾಕ ಆಗ್ತಿದ್ದಿಲ್ಲೇನ? ಹಂಗಾರ ಮನಸಿಲ್ಲ. ಗಂಡ ಹೆಂಡ್ತಿ ಸಂಕಟ ಅವಗೇನ ಗೊತ್ತು, ಲಗ್ನ ಆದಾಂವಲ್ಲ."

ಗೊತ್ತಿಲ್ಲವೋ, ಆಗುವುದಿಲ್ಲವೋ, ಮನಸ್ಸಿಲ್ಲವೋ. ಮುದ್ದೇಬಿಹಾಳದ ನನ್ನ ಮೂರು ಪ್ರಶ್ನೆಗಳೇ. ನಾನು ಅವನ್ನು ಪುಸ್ತಕದಿಂದ ಎತ್ತಿಕೊಂಡು ಕೈ ಬೀಸಿದ್ದೆ. ಅವಳು ಹದಿನಾರು ವರ್ಷ ಬತ್ತಿ ಹೊಸೆದು ಅಲ್ಲಿಗೆ ಬಂದಿದ್ದಳು. ಮತ್ತು ನಾನು ಹೇಳಿದ ಎರಡು ದಾರಿಗಳಲ್ಲಿ ಒಂದನ್ನೂ ಹಿಡಿದಿರಲಿಲ್ಲ.

"ಮತ್ತೇನ ಮಾಡ್ತಿ?" ಕೇಳಿದೆ.

"ಮಾತ ಬಿಟ್ಟೇನಿ."

ನಮ್ಮ ಓಣಿಯಲ್ಲಿ ಈ ಮಾತಿಗೆ ಯಾರೂ ಅರ್ಥ ಕೇಳುವುದಿಲ್ಲ. ಅದು ಕೋರ್ಟಿನ ತೀರ್ಪಿದ್ದಂತೆ. ಮಾತು ಬಿಟ್ಟವರ ಬಗ್ಗೆಯೇ ದಿನವಿಡೀ ಯೋಚನೆ. ಅವರು ಕೆಮ್ಮಿದ್ದು, ಬಾಗಿಲು ತೆರೆದದ್ದು, ಎಲ್ಲಕ್ಕೂ ಕಿವಿ. ಇಲ್ಲದವನ ಜೊತೆ ಮಾತು ಬಿಡಲು ಬರುತ್ತದೆಯೇ? ತಡೆಯಿರಿ, ಇದನ್ನೊಂದು ಪುರಾವೆಯೆಂದು ನಾನು ಒಪ್ಪುವುದಿಲ್ಲ. ಒಬ್ಬಳ ಮುನಿಸಿನಿಂದ ಇನ್ನೊಬ್ಬನ ಇರವು ಸಿದ್ಧವಾಗುವುದಾದರೆ ನಮ್ಮಂಥ ವಕೀಲರೇ ಬೇಡ. ಆದರೆ ಆ ಕ್ಷಣ ನನ್ನ ತಲೆಗೆ ಹೊಳೆದದ್ದು ಬೇರೆ. ಮಾತು ಬಿಟ್ಟವರಿಗೆ ನಮ್ಮ ಮನೆಯಲ್ಲಿ ಒಂದು ವ್ಯವಸ್ಥೆ ಇದೆ. ಆ ವ್ಯವಸ್ಥೆ ನಾನೇ.

"ಆಯಿ, ಅವಗ ಏನರ ಹೇಳೂದೈತೇನ? ನಾ ಹೇಳ್ತೇನಿ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ನೀ ಆದೀತು," ಎಂದಳು ಕೊನೆಗೆ. "ನಿಮ್ಮಪ್ಪ ಅವನ ಕಡಿಯಾಂವ. ನಿನಗ ಅವನ ಕೂಡ ಜಗಳಿಲ್ಲ, ದೋಸ್ತಿನೂ ಇಲ್ಲ. ಆದ್ರ ಬರೇ ಒಯ್ಯಿ. ಹೊಳ್ಳಿ ಏನೂ ತರಬ್ಯಾಡ. ನೀ ಕೂಡಿಸ್ತಿ."

ಅವತ್ತಿನಿಂದ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮೂಗಿಲ್ಲದ ಹಣಮಪ್ಪನನ್ನು ಹಿಡಿದು ಗಂಟೆ ಬಾರಿಸಿ, ಮೂಗಿರುವ ಹಣಮಪ್ಪನಿಗೆ ವರದಿ ಒಪ್ಪಿಸುತ್ತೇನೆ. "ಮೆಣಸಿನಕಾಯಿ ಒಣಗಾಕ ಹಾಕ್ಯಾಳಂತ, ಎರಡ ದಿನ ಮಳಿ ಬ್ಯಾಡಂತ." "ಮೊಣಕಾಲ ನೋಯಾಕತ್ತೇತಂತ, ನಿನಗೇನ ಅಂತ ಕೇಳ್ಯಾಳ." ಆಯಿ ಗೋಡೆಗೆ ಬೆನ್ನು ಹಚ್ಚಿ, ಕೇಳದವಳಂತೆ ಕೂತಿರುತ್ತಾಳೆ. ಮುಗಿದ ಮೇಲೆ ರೊಟ್ಟಿ. ನಾನು ಮಾಡುತ್ತಿರುವುದು ಪೂಜೆಯೇ? ಕಕ್ಷಿದಾರರ ಪರ ಮನವಿ ಓದುವ ವಕೀಲ ಅದರ ಪ್ರತಿ ಮಾತನ್ನೂ ನಂಬಬೇಕಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡಷ್ಟೂ ಸಮಾಧಾನ ಕಡಿಮೆಯಾಗುತ್ತದೆ. ಎದುರಿಗೆ ಯಾರೂ ಇಲ್ಲದ ಕೋರ್ಟಿನಲ್ಲಿ ಯಾವ ವಕೀಲರಾದರೂ ದನಿ ತಗ್ಗಿಸಿ ಮಾತಾಡುತ್ತಾರೆಯೇ? ನಾನು ತಗ್ಗಿಸುತ್ತೇನೆ. ಗಮನಿಸಿದ್ದೇನೆ.

ಇಷ್ಟು ಹೇಳುವಷ್ಟರಲ್ಲಿ ಬಸ್ಸು ಇಂಡಿಯ ಹತ್ತಿರ ಬಂದಿತ್ತು. ಮತ್ತೆ ಮನೆಗೆ ಫೋನು ಮಾಡಿ ಆಯಿಯ ಕೈಗೆ ಕೊಡಿಸಿ, ಇದ್ದಬದ್ದ ವಾದವೆಲ್ಲ ಸುರಿದಿದ್ದೆ. "ಬಸ್ನ್ಯಾಗ ಒದರಬ್ಯಾಡ, ಮಂದಿ ನೋಡ್ತಾರ" ಎಂದು ಅವಳು ಇಟ್ಟುಬಿಟ್ಟಿದ್ದಳು. ಕೊತ್ತಂಬರಿಯವಳು ಇಳಿಯುವ ಮೊದಲು ಒಂದು ಕಟ್ಟು ಕೊತ್ತಂಬರಿಯನ್ನು ನನ್ನ ಬ್ಯಾಗಿನ ಗಂಟೆಯ ಸುತ್ತ ತುರುಕಿದಳು.

"ಸಪ್ಪಳಾಗೂದಿಲ್ಲ ಈಗ. ಮುದುಕಿ ಉಣ್ತಾಳ ಬಿಡವಾ, ಹಸದ ಮ್ಯಾಲ."

ಹಸಿವೆಯನ್ನು ನಂಬಿಕೊಂಡು ಕೂರಲು ಆಕೆಗೆ ಆಯಿ ಗೊತ್ತಿರಲಿಲ್ಲ.

ಸ್ಪರ್ಧೆ ಶುರುವಾಯಿತು. ಮೇಜಿನ ಮೇಲೆ ನನ್ನ ಮುಂದೆ ಕೊತ್ತಂಬರಿ ವಾಸನೆಯ ಗಂಟೆ, ಪಕ್ಕದಲ್ಲಿ ಗಡಿಯಾರ, ತೊಡೆಯ ಮೇಲೆ ಫೋನು. ಹುಡುಗರು ಬಂದರು, ಹೋದರು. ಒಬ್ಬ ಸೂರ್ಯ ಚಂದ್ರರನ್ನು ಸಾಕ್ಷಿಗೆ ಕರೆದ. ಒಬ್ಬಳು, ಪರಿಪೂರ್ಣನಾದವನಿಗೆ ಇರುವಿಕೆಯೊಂದೇ ಕೊರತೆಯಾಗುವುದು ಹೇಗೆ ಎಂದು ಕೇಳಿದಳು. ನಾನು ಅಂಕ ಹಾಕುತ್ತಿದ್ದೆ. ಕಣ್ಣು ಗಡಿಯಾರದ ಮೇಲಿತ್ತು. ಹತ್ತೂವರೆ. ಹನ್ನೊಂದು. ಅವ್ವನಿಂದ ಸಂದೇಶ: 'ಚಾದಾಗ ಕದ್ದು ಸಕ್ರಿ ಹಾಕೇನಿ. ಕೈ ನಡಗಾಕತ್ತಾವು.' ಯಾರ ಕೈ ಎಂದು ಬರೆದಿರಲಿಲ್ಲ. ಬಲಬದಿಯ ನಿರ್ಣಾಯಕರು "ಮೇಡಂ, ಕಾಲ ಅಲುಗಾಡಸಬ್ಯಾಡ್ರಿ, ಮೇಜ ಅಳ್ಳಾಡತೈತಿ" ಎಂದು ಪಿಸುಗುಟ್ಟಿದರು.

ಆಮೇಲೆ ಚಡಚಣದ ಕಾಲೇಜಿನ ಹುಡುಗಿಯೊಬ್ಬಳು ಬಂದಳು. ಎರಡು ಜಡೆ, ವಿರೋಧ. ಮೊದಲ ಮಾತಿಗೇ ಮೈಕು ಅಲುಗಾಡಿತು. "ಅವನಿಗೆ ಗೊತ್ತಿಲ್ಲವೋ, ಆಗುವುದಿಲ್ಲವೋ..." ನನ್ನ ಮೈಯೆಲ್ಲ ಕಿವಿಯಾಯಿತು. ಅದೇ ಕೈ, ಅದೇ ಬೀಸು. ಅಷ್ಟರಲ್ಲಿ ತೊಡೆಯ ಮೇಲೆ ಫೋನು ನಡುಗಿತು. ಮೇಜಿನ ಕೆಳಗೆ ಬಾಗಿದೆ.

"ನೀಲವ್ವಾ," ಆಯಿಯ ದನಿ ತೆಳ್ಳಗಾಗಿತ್ತು. "ಗಂಟಿ ನಿನ್ನ ಕಡೇನ ಐತಿಲ್ಲ? ಅಲ್ಲೇ ಬಾರಸು. ಸಮುದ್ರ ಹಾರಿದಾಂವಗ ಇಂಡಿ ಏನ ದೂರ?"

"ಇಲ್ಲಿ ಭಾಷಣ ನಡದೈತಿ ಆಯಿ."

"ನಡೀಲಿ. ಇವತ್ತ ಒಂದ ಕೇಳೂದೈತಿ. ನಿಮ್ಮ ಮುತ್ಯಾಂದು ಆ ಮಾತು... ಮುಂದ ಏನಿತ್ತಂತ ಕೇಳು. ಕೇಳಿ ನನಗ ಹೇಳು."

"ಹೊಳ್ಳಿ ತರಬ್ಯಾಡ ಅಂದಿದ್ದಿ."

"ಇವತ್ತ ತಾ."

ಎರಡು ವರ್ಷ ಈ ಮಾತನ್ನು ಅವಳು ಯಾರ ಮುಂದೆಯೂ ಎತ್ತಿರಲಿಲ್ಲ. ನಾನು ಎದ್ದು ಕೂತೆ. ಗಂಟೆ ಎತ್ತಿದೆ. ಕೈ ತನ್ನ ಅಭ್ಯಾಸದಂತೆ ಎರಡು ಸಲ ಬಾರಿಸಿತು. ಠಣ್, ಠಣ್. ಸಭಾಂಗಣದ ಗೋಡೆಗಳಿಗೆ ಬಡಿದು ಅದು ದೊಡ್ಡದಾಗಿಯೇ ಕೇಳಿತು. ಕಣ್ಣು ಮುಚ್ಚಿದೆನೆಂದು ಆಮೇಲೆ ಬಲಬದಿಯವರು ಹೇಳಿದರು; ನನಗೆ ನೆನಪಿಲ್ಲ. ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಕೇಳಿದ್ದು ನಿಜ. ಉತ್ತರವಾಗಿ ಏನೂ ಕೇಳಿಸಲಿಲ್ಲ, ಇದನ್ನು ಪ್ರಮಾಣ ಮಾಡಿ ಹೇಳುತ್ತೇನೆ. ಕಣ್ಣ ಮುಂದೆ ಬಂದದ್ದು ಬೇರೆ: ಉಂಡು ಕೈತೊಳೆದು, ಪಂಚೆಯ ತುದಿಗೆ ಒರೆಸಿಕೊಳ್ಳುವ ಮುತ್ಯಾ. ಒಂದು ದಿನವಲ್ಲ, ಹದಿನಾರು ವರ್ಷದ ಮಧ್ಯಾಹ್ನಗಳು. ಅವನು ಹೋದದ್ದೂ ಮಧ್ಯಾಹ್ನವೇ.

ಮತ್ತೆ ಬಾಗಿ ಫೋನಿಗೆ ಬಾಯಿಟ್ಟೆ.

"ಉಂಡಾಳೇನಂತ ಕೇಳಾಕ ಹೊಂಟಿದ್ದನಂತ."

ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಕೂಡಿಸಿದಿ," ಎಂದಳು ಆಯಿ.

ಸುಳ್ಳು ಹೇಳಲಾಗಲಿಲ್ಲ. "ಹೂಂ. ಕೂಡಿಸೇನಿ."

ಆಮೇಲೆ ದೂರದಲ್ಲಿ, ಫೋನಿಗಲ್ಲ, ಅವ್ವನಿಗೆ ಹೇಳಿದ ಮಾತು ಕೇಳಿಸಿತು: "ತಾಟ ಹಚ್ಚವಾ. ಆಕಿ ಕೂಡಿಸ್ಯಾಳ ಖರೆ, ಆದ್ರ ಅವರು ಅದನ್ನೇ ಕೇಳ್ತಿದ್ರು." ತಾಟು ನೆಲಕ್ಕೆ ತಾಗಿದ ಸಪ್ಪಳ. ರೊಟ್ಟಿ ಮುರಿದ ಸಪ್ಪಳ ಫೋನಿನಲ್ಲಿ ಕೇಳುವುದಿಲ್ಲ ಎಂದು ನನಗೆ ಗೊತ್ತು. ಕೇಳಿತು.

ತಲೆ ಎತ್ತಿದಾಗ ಇಡೀ ಸಭೆ ನನ್ನನ್ನು ನೋಡುತ್ತಿತ್ತು. ಎರಡು ಜಡೆಯ ಹುಡುಗಿ ಕೈ ಗಾಳಿಯಲ್ಲಿ ಹಾಗೇ ಬಿಟ್ಟು, ಅರ್ಧ ಮಾತಿಗೆ ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

"ಮೇಡಂ, ನಂದು ಟೈಮ್ ಮುಗೀತ್ರಿ?"

"ಇಲ್ಲವಾ, ಇನ್ನೂ ಎರಡು ನಿಮಿಷ ಐತಿ. ಅದು ನಿನಗ ಬಾರಿಸಿದ್ದಲ್ಲ."

ವಾದ ಮಾಡುವ ಹುಡುಗಿ. ಬಿಡುತ್ತಾಳೆಯೇ?

"ಮತ್ತ ಯಾರಿಗ್ರಿ?"

ಪರ ಮತ್ತು ವಿರೋಧ ಎರಡೂ ಬಾಯಿಪಾಠ ಇದ್ದವಳು ನಾನು. ಬಾಯಿ ತೆರೆದೆ. ಗಂಟೆಯ ಅಂಚು ಇನ್ನೂ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅದರ ಮೇಲೆ ಅಂಗೈ ಇಟ್ಟು ಸುಮ್ಮನಾಗಿಸಿ, "ನೀ ಮುಂದುವರಿಸು" ಎಂದೆ.